ಮದ್ರಾಸಿನಲ್ಲಿ ಇಳಿದ ಒಂದು ದಿನ

ಹೋಗಬೇಕಾದದ್ದು ಮುಂಬಯಿಗೆ. ಆದರೆ ಪಡುವಣ ಕಡಲ ದಂಡೆಯ ಕೋಡಿಯ ಮುದುಕಿ ಬಾಗಿಯ ಮನಸ್ಸು ಹೋದದ್ದು ನಡುವೆ ಸಿಗುವ ಮದ್ರಾಸಿನ ಮೇಲೆ. ಸೊಸೆ ಕಮಲಳ ಸಂಕಟ ಶುರುವಾದದ್ದೂ ಅಲ್ಲಿಂದಲೇ.

ಅದು ಸಾವಿರದ ಒಂಬೈನೂರ ನಲವತ್ತನಾಲ್ಕನೆಯ ಇಸವಿಯ ಚಳಿಗಾಲ. ಕಮಲಳ ಗಂಡ ಲೀಲಾಧರ ಮುಂಬಯಿಯ ಗಿರಣಿ ಸೇರಿ ಎರಡು ವರ್ಷ ದಾಟಿತ್ತು. ಮದುವೆಯಾಗಿ ಆರು ತಿಂಗಳಿಗೆ ಹೋದವನು. ತಿಂಗಳಿಗೊಂದು ಕಾಗದ ತಪ್ಪುತ್ತಿರಲಿಲ್ಲ. ಆದರೆ ಈಚಿನ ಮೂರು ಕಾಗದಗಳ ಅಕ್ಷರ ಅವನದಲ್ಲ. ನಾಲ್ಕನೆಯ ತರಗತಿಯವರೆಗೆ ಓದಿದ್ದ ಕಮಲಳಿಗೆ ಗಂಡನ ಅಕ್ಷರದ ಕೊಂಬು, ದೀರ್ಘಗಳೆಲ್ಲ ಬಾಯಿಪಾಠ. ಇದು ಯಾರದೋ ದುಂಡು ಬರಹ. ಕಡೆಯ ಕಾಗದದಲ್ಲಿ ‘ನಾನು ಕ್ಷೇಮ, ಕೋಣೆ ಸಿಕ್ಕಿದೆ, ಗೋವರ್ಧನ ಊರಿಗೆ ಬಂದವನು ತಿರುಗಿ ಬರುವಾಗ ಅಬ್ಬಿಯೂ ನೀನೂ ಅವನ ಜೊತೆಗೇ ಬನ್ನಿ’ ಎಂದಿತ್ತು. ಕ್ಷೇಮವಾಗಿರುವವನು ತನ್ನ ಕೈಯಿಂದಲೇ ಬರೆಯಬಹುದಿತ್ತಲ್ಲ? ಅವನು ಅಬ್ಬಿ ಎಂದು ಕರೆಯುವ, ಓದು ಬಾರದ ಅತ್ತೆ ಬಾಗಿಗೆ ಅವಳು ಕಾಗದವನ್ನಷ್ಟೇ ಓದಿ ಹೇಳಿದಳು, ಅಕ್ಷರದ ವಿಷಯ ಹೇಳಲಿಲ್ಲ. ಹೇಳಿ ಮುದುಕಿಯ ಎದೆ ಒಡೆಯುವುದು ಯಾಕೆ ಎಂದುಕೊಂಡಳು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಲೆಯ ಮೇಲಿನ ಸಾರು ಎರಡು ಸಲ ತಳ ಹಿಡಿಯಿತು.

ಗುಲ್ವಾಡಿಯ ಗೋವರ್ಧನ ಮುಂಬಯಿಯಲ್ಲಿ ಬೇರೆ ಕಡೆ ಕೆಲಸಕ್ಕಿದ್ದವನು. ಲೀಲಾಧರನನ್ನು ಕಂಡು ನಾಲ್ಕು ತಿಂಗಳಾಗಿತ್ತಂತೆ. ಒಂದು ಮಧ್ಯಾಹ್ನ ಅವನು ಜಗಲಿಯಲ್ಲಿ ಕೂತು ಪ್ರಯಾಣದ ಲೆಕ್ಕಾಚಾರ ಬಿಡಿಸಿದ.

“ಯುದ್ಧ ಸುರು ಆದ್ ಮೇಲೆ ಹಡಗ್ ನಂಬಿ ಕೂಕಂಬುಕೆ ಆತಿಲ್ಲೆ ಬಾಗಮ್ಮ. ಮಂಗ್ಳೂರಂಗೆ ರೈಲ್ ಹತ್ರೆ ಮರುದಿನ ಬೆಳಿಗ್ಗೆ ಮದ್ರಾಸ್. ಮುಂಬೈ ರೈಲ್ ಬಿಡುದ್ ಸಂಜಿಗೆ. ನಡು ಇಡೀ ಹಗಲ್ ಇತ್ತ್. ಚತ್ರದಗೆ ಮಿಂದ್, ಉಂಡ್, ಪೇಟಿ ಕಂಡ್ಕಂಡ್ ಬಪ್ಪುಕಾತ್ತ್.”

ಬಾಗಿ ಬಲೆಯ ಹರುಕು ಹೆಣೆಯುತ್ತಿದ್ದವಳು ಕೈ ನಿಲ್ಲಿಸಿದಳು. “ಮದ್ರಾಸಂಗೆ ಸಮುದ್ರ ಇತ್ತಾ?”

“ಇತ್ತ್. ದೊಡ್ಡ ಸಮುದ್ರ.”

“ಅಲ್ಲ್ ಸೂರ್ಯ ನೀರಿಂದ ಹುಟ್ಟುದ್ ಹೌದಾ?”

ಕಮಲ ನಕ್ಕುಬಿಟ್ಟಳು. ಗೋವರ್ಧನ ನಗಲಿಲ್ಲ. ಹೌದೆಂದು ತಲೆಯಾಡಿಸಿದ.

ಬಾಗಿಗೆ ಕುಷ್ಟ ಎಂಬ ಅಣ್ಣನಿದ್ದ. ಮಂಜಿ ಎಂಬ ಹಾಯಿಹಡಗಿನಲ್ಲಿ ಸರಕು ಹೇರಿಕೊಂಡು ಕೊಲಂಬೊ ಸುತ್ತಿ ಆಚೆಯ ಕರಾವಳಿಗೆ ಹೋಗಿಬಂದವನು. ಆ ಕಡೆ ಸೂರ್ಯ ಸಮುದ್ರದಿಂದ ಮೇಲೆ ಬರುತ್ತಾನೆ ಎಂದು ಅವನು ಹೇಳಿದಾಗ ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನಷ್ಟೇ ಕಂಡಿದ್ದ ಕೋಡಿಯ ದಂಡೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಹತ್ತು ವರ್ಷದ ಬಾಗಿಯೂ ಅವರೊಂದಿಗೆ ನಕ್ಕಿದ್ದಳು. ಮರುವರ್ಷ ಅವನು ಜ್ವರದಲ್ಲಿ ಹೋಗಿಬಿಟ್ಟ.

“ನಂಗೆ ಅದ್ನ ಒಂದ್ಸಲ ಕಾಣ್ಕ್,” ಎಂದಳು ಬಾಗಿ. ಅಷ್ಟು ವರ್ಷ ಮೀನಿನ ಬುಟ್ಟಿ ಹೊತ್ತು ಯಾರಲ್ಲೂ ಏನನ್ನೂ ಕೇಳದ ಹೆಂಗಸು ಅವಳು.

ಗೋವರ್ಧನ ಲೆಕ್ಕ ಹಾಕಿದ. “ಹಾಂಗಾರೆ ಒಂದ್ ರಾತ್ರಿ ಉಳೀಕ್. ಮರುದಿನ ಸಂಜಿ ರೈಲಿಗೆ ಹೋಪ. ನಂಗೊಂದ್ ದಿನ ರಜೆ ಹೆಚ್ಚಿಗಿತ್ತ್, ಅಡ್ಡಿಲ್ಲ.”

ಒಂದು ದಿನ! ಕಮಲಳಿಗೆ ಮೈಯೆಲ್ಲ ಉರಿದಂತಾಯಿತು. ಗಂಡ ಹೇಗಿದ್ದಾನೋ, ಕೈ ಮುರಿದಿದೆಯೋ, ಯಂತ್ರಕ್ಕೆ ಸಿಕ್ಕಿದೆಯೋ, ಇಲ್ಲಿ ಸೂರ್ಯನನ್ನು ನೋಡಲು ಒಂದು ದಿನ ಕಾಯಬೇಕಂತೆ. ಗೋವರ್ಧನ ಹೊರಟಾಗ ಅವಳು ನೀರು ತರುವ ನೆಪದಲ್ಲಿ ಕೊಡ ಹಿಡಿದು ತೆಂಗಿನ ತೋಟದ ಆಚೆಗೆ ಓಡಿಹೋಗಿ ಅವನನ್ನು ಅಡ್ಡಗಟ್ಟಿದಳು.

“ಗೋವರ್ಧನಣ್ಣ, ರಾತ್ರಿ ಉಳುದ್ ಬ್ಯಾಡ. ಯುದ್ಧ ಅಂದೇಳಿ ಪರ ಊರಿನವ್ರನ್ನ ಮದ್ರಾಸಂಗೆ ರಾತ್ರಿ ಉಳುಕೆ ಬಿಡ್ತಿಲ್ಲ ಅಂತ ಹೇಳಿ ಅತ್ತೆಗೆ.”

“ಸುಳ್ಳ್ ಹೇಳುದಾ? ಪಾಪ, ಮುದ್ಕಿ ಆಸಿ ಮಾಡ್ತ್.”

“ನನ್ ಕಷ್ಟ ನಂಗೊತ್ತ್. ಹೇಳಿ ಅಣ್ಣ.”

ಅವಳ ಮುಖ ನೋಡಿ ಅವನು ಇಲ್ಲ ಎನ್ನಲಾರದೆ ಹೋದ. ಎರಡು ದಿನ ಬಿಟ್ಟು ಬಂದು ಹಾಗೆಯೇ ಹೇಳಿದ. ಬಾಗಿ ಮಗನಿಗೆಂದು ಕಟ್ಟುತ್ತಿದ್ದ ಒಣಮೀನಿನ ಗಂಟಿಗೆ ಇನ್ನೊಂದು ಸುತ್ತು ಬಾಳೆನಾರು ಬಿಗಿದಳು, ಅಷ್ಟೇ.

ಹೊರಟ ದಿನ, ಪೆಟ್ರೋಲಿನ ಬರದಿಂದ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಕೋಟೇಶ್ವರ ದಾಟುವಷ್ಟರಲ್ಲಿ ಎರಡು ಸಲ ನಿಂತಿತು. ಮಾಬುಕಳದ ಹೊಳೆಯನ್ನು ದೋಣಿಯಲ್ಲಿ ದಾಟಿ ಆಚೆ ದಡದಲ್ಲಿ ಬೇರೆ ಬಸ್ಸು ಹತ್ತಬೇಕು. ಬ್ರಹ್ಮಾವರ ಕಳೆದರೆ ಮತ್ತೊಂದು ಹೊಳೆ, ಮತ್ತೆ ದೋಣಿ. ದೋಣಿ ನಡುನೀರಿಗೆ ಬರುವ ಮೊದಲೇ ಕಮಲ ಎದ್ದು ನಿಂತುಬಿಡುತ್ತಿದ್ದಳು. “ಕೂಕೊ ಹೆಣೆ, ನೀ ನಿಂತ್ರೆ ದೋಣಿ ಜೋರ್ ಹೋತಿಲ್ಲೆ,” ಎಂದು ದೋಣಿಯವನು ಗದರಿದ. ಬಾಗಿ ಮಾತ್ರ ಸುಮ್ಮನೆ ಪಡುವಣ ಕಡೆ ನೋಡುತ್ತಿದ್ದಳು.

ಮಂಗಳೂರಲ್ಲಿ ರೈಲು ಹೊತ್ತಿಗೆ ಸರಿಯಾಗಿಯೇ ಹೊರಟಿತು. ಪೀಡೆ ಹಿಡಿದದ್ದು ರಾತ್ರಿ ಪೋತನೂರು ಜಂಕ್ಷನ್ ದಾಟಿದ ಮೇಲೆ. ಸೈನಿಕರ ರೈಲುಗಳಿಗೆ ದಾರಿ ಬಿಡಬೇಕೆಂದು ಇವರ ರೈಲನ್ನು ಪಕ್ಕದ ಹಳಿಗೆ ಸರಿಸಿ ನಿಲ್ಲಿಸಿದರು. ಒಂದು ಹೋಯಿತು, ಇನ್ನೊಂದು ಹೋಯಿತು, ಬಿಸಿಲೇರಿತು. ಹೆಸರೂ ಓದಲಾಗದ ಆ ಸ್ಟೇಷನ್ನಿನಲ್ಲಿ ಬೇವಿನ ಮರವೊಂದನ್ನು ಬಿಟ್ಟರೆ ನೆರಳಿಲ್ಲ. ಕಮಲ ಇಳಿದಳು, ಇಂಜಿನ್ನಿನವರೆಗೆ ನಡೆದಳು, ತಿರುಗಿ ಬಂದಳು, ಹತ್ತಿದಳು, ಮತ್ತೆ ಇಳಿದಳು. ಗೋವರ್ಧನನನ್ನು ಹೊತ್ತೆಷ್ಟಾಯಿತೆಂದು ಎಷ್ಟು ಸಲ ಕೇಳಿದಳೆಂದರೆ ಕಡೆಗೆ ಅವನು ಯಾರಲ್ಲೋ ಕೇಳಿಬರುತ್ತೇನೆಂದು ಬೇರೆ ಡಬ್ಬಿಗೆ ಹೋಗಿ ಕೂತ.

ಮದ್ರಾಸು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಮುಂಬಯಿ ರೈಲು ಹೋಗಿಯಾಗಿತ್ತು. ಇನ್ನು ಮರುದಿನ ಸಂಜೆಗೇ.

ಸ್ಟೇಷನ್ನಿನ ಎದುರಿನ ಛತ್ರದಲ್ಲಿ ಗೋವರ್ಧನ ಜಾಗ ಹಿಡಿದು ಬಂದ. ಬಾಗಿ ಚಾಪೆ ಬಿಡಿಸುತ್ತಾ ಕೇಳಿದಳು:

“ಹ್ವಾಯ್ ಗೋವರ್ಧನ, ರಾತ್ರಿ ಉಳುಕೆ ಬಿಡ್ತಿಲ್ಲ ಅಂದಿದ್ಯಲ್ಲ. ಈಗ ಹ್ಯಾಂಗೆ ಬಿಟ್ರ್?”

ಅವನು ಕಮಲಳ ಕಡೆ ನೋಡಿದ. ಆ ಒಂದು ನೋಟ ಸಾಕಾಯಿತು.

“ನಾನೇ ಹೇಳ್ಸದ್ದ್ ಅತ್ತೆ,” ಎಂದಳು ಕಮಲ. ಕಾಗದದ ಅಕ್ಷರದ ವಿಷಯವನ್ನೂ ಆಗಲೇ ಹೇಳಿಬಿಟ್ಟಳು.

ಬಾಗಿ ಬೈಯಲಿಲ್ಲ. ಬೈದಿದ್ದರೆ ಕಮಲ ಅತ್ತು ಹಗುರಾಗುತ್ತಿದ್ದಳು. “ನನ್ ಮಗನ ಸುದ್ದಿ ನಂಗೇ ಹೇಳ್ಲಿಲ್ಯಲ್ಲ,” ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು.

ಎರಡು ರಾತ್ರಿ ಕಣ್ಣು ಮುಚ್ಚದ ಕಮಲಳಿಗೆ ಹಾಳು ನಿದ್ದೆ ಹತ್ತಿತು. ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕು. ಪಕ್ಕದ ಚಾಪೆ ಸುತ್ತಿಟ್ಟಿತ್ತು. ಅತ್ತೆ ಇಲ್ಲ. ಬಾವಿಕಟ್ಟೆಯಲ್ಲಿಲ್ಲ, ಜಗಲಿಯಲ್ಲಿಲ್ಲ. ಭಾಷೆ ಬಾರದ ಊರು, ಟ್ರಾಮು ಗಾಡಿಗಳ ಬೀದಿ. ಕಮಲ ಕೂದಲು ಕಟ್ಟದೆ ಬೀದಿಗೆ ಓಡಿದಳು, ಹಿಂದಿನಿಂದ ಗೋವರ್ಧನ. ಅವನಿಗೆ ಬರುತ್ತಿದ್ದ ನಾಲ್ಕು ತಮಿಳು ಮಾತಿನಲ್ಲಿ ಛತ್ರದ ಕಾವಲುಗಾರನನ್ನು ಕೇಳಿದ. ಇನ್ನೂ ಕತ್ತಲಿರುವಾಗಲೇ ಬುಟ್ಟಿ ಹಿಡಿದು ಹೋಗುತ್ತಿದ್ದ ಮೀನಿನ ಹೆಂಗಸರ ಹಿಂದೆಯೇ ಒಬ್ಬ ಮುದುಕಿ ನಡೆದುಹೋದಳಂತೆ.

ಹೌದಲ್ಲ! ಖಾಲಿ ಬುಟ್ಟಿಯ ಹೆಂಗಸರು ಆ ಹೊತ್ತಿನಲ್ಲಿ ಎಲ್ಲಿಗೆ ಹೋಗುತ್ತಾರೆಂದು ಬಾಗಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರು ಸಮುದ್ರ ಮುಟ್ಟುವಾಗ ಸೂರ್ಯ ಎರಡು ಆಳು ಮೇಲೇರಿ ಕಣ್ಣು ಕುಕ್ಕುತ್ತಿದ್ದ. ಮರದ ದಿಮ್ಮಿ ಕಟ್ಟಿದ ತೆಪ್ಪಗಳು ದಂಡೆಗೆ ಬಂದಿದ್ದವು. ಬಲೆಯ ರಾಶಿಯ ಪಕ್ಕ, ಮೀನು ಆರಿಸುವ ಹೆಂಗಸರ ನಡುವೆ ಬಾಗಿ ಕುಕ್ಕರುಗಾಲಲ್ಲಿ ಕೂತಿದ್ದಳು. ಬೂತಾಯಿ ಮೀನನ್ನು ಒಂದು ಕಡೆ, ಉಳಿದ ಸಣ್ಣ ಮೀನನ್ನು ಇನ್ನೊಂದು ಕಡೆ ಹಾಕುತ್ತಿದ್ದ ಅವಳ ಕೈ ಅಲ್ಲಿಯವರ ಕೈಗಿಂತ ಚುರುಕಾಗಿತ್ತು.

“ಅತ್ತೆ!” ಕಮಲ ಹೋಗಿ ಭುಜ ಹಿಡಿದಳು. “ನಿಮ್ಗೆ ಎಂತಾರೂ ಆದ್ರೆ ನಾ ಅವ್ರಿಗೆ ಎಂತ ಹೇಳುದ್? ಎಬ್ಬಿಸುಕೆ ಆಯ್ಲಿಲ್ಯಾ?”

“ನಿನ್ನ ನಂಬಿ ಕೂಕಂಡ್ರೆ ಸೂರ್ಯ ಹುಟ್ಟಿ ಮುಳ್ಗ್ತಿದ್ದ,” ಎಂದಳು ಬಾಗಿ, ತಲೆ ಎತ್ತದೆ. ಮಾತು ಚುಚ್ಚಿತು. ಆದರೂ ಕಮಲ ಕೈ ಬಿಡಲಿಲ್ಲ.

“ಕಂಡ್ರ್ಯಾ?”

“ಕಂಡೆ. ನೀರಿಂದಲೇ ಬಂತ್. ಮೊದ್ಲ್ ಒಂದ್ ಗೆರಿ, ಕಡಿಗೆ ಇಡೀ ಹೊರಗ್ ಬಂತ್. ಒದ್ದಿ ಆಯ್ಲಿಲ್ಲ ಮಾರಾಯ್ತಿ.” ಅವಳು ಒಮ್ಮೆ ನಕ್ಕಳು, ಮತ್ತೆ ಮುಖ ಸಣ್ಣದಾಯಿತು. “ಕಂಡಾಯ್ತ್, ಹೋಪ ಅಂತ ಎದ್ದೆ. ದಾರಿ ಗೊತ್ತಾಯ್ಲಿಲ್ಲ. ನಮ್ಮಲ್ಲಿ ಸಮುದ್ರ ಎಡಕಿದ್ರೆ ಮೋರೆ ಬಡಗ್ ದಿಕ್ಕಿಗೆ. ಇಲ್ಲ್ ಎಲ್ಲಾ ತಿರುಗ್ ಮುರುಗ್. ತಲಿ ತಿರುಗ್ತ್. ಮುದಿಪ್ರಾಯದಗೆ ಹೆದ್ರಿಕಿ ಆಯ್ತ್ ಕಾಣ್. ಹಾಂಗೆ ಇಲ್ಲೇ ಕೂಕಂಡ್ ಮೀನಿಗೆ ಕೈ ಹಾಕ್ದೆ.”

ಕೋಡಿಯಿಂದ ಕೋಟೇಶ್ವರದ ತನಕ ದಂಡೆಯುದ್ದಕ್ಕೂ ಕತ್ತಲಲ್ಲೇ ನಡೆದು ಬರುತ್ತಿದ್ದ ಹೆಂಗಸು! ಕಮಲ ಅವಳ ಪಕ್ಕ ಮರಳಿನಲ್ಲಿ ಕೂತಳು. ಸೂರ್ಯ ಈಗ ಬರೀ ದಿನದ ಸೂರ್ಯ. ಅವನು ಹುಟ್ಟುವುದನ್ನು ನೋಡುವುದು ತನಗೆ ತಪ್ಪಿಹೋಯಿತಲ್ಲ ಎಂದುಕೊಂಡಳು. ಅತ್ತೆಯನ್ನು ಕೈ ಹಿಡಿದು ಎಬ್ಬಿಸಿಕೊಂಡು ಛತ್ರಕ್ಕೆ ಬಂದರು. ಪೇಟೆ ನೋಡುವ ಮಾತನ್ನು ಯಾರೂ ಎತ್ತಲಿಲ್ಲ. ಸಂಜೆಯ ರೈಲಿಗೆ ಮಧ್ಯಾಹ್ನವೇ ಹೋಗಿ ಕೂತರು.

ಮುಂಬಯಿಯಲ್ಲಿ ಲೀಲಾಧರ ಸ್ಟೇಷನ್ನಿಗೆ ಬಂದಿದ್ದ. ಹಿಂದಿನ ದಿನವೂ ಬಂದು ಕಾದು ಹೋಗಿದ್ದನಂತೆ. ತಲೆ ಬೋಳಿಸಿತ್ತು, ಅಂಗಿ ಮೈಮೇಲೆ ನೇತಾಡುತ್ತಿತ್ತು. ಎರಡು ತಿಂಗಳು ವಿಷಮಜ್ವರ, ಪೆನ್ನು ಹಿಡಿದರೆ ಕೈ ನಡುಕ, ಊರಲ್ಲಿ ಹೆದರಿಯಾರೆಂದು ಕೋಣೆಯ ಸಂಗಡಿಗನಿಂದ ಬರೆಸಿದ್ದ. ಕಮಲ ಅವನ ಕೈಗಳನ್ನು ನೋಡಿದಳು, ಬೆರಳು ಹತ್ತೂ ಇದ್ದವು. ಬಾಗಿ ಮಗನ ಗಲ್ಲ ಮುಟ್ಟಿ, ಪ್ಲಾಟ್‌ಫಾರಮ್ಮಿನ ಜನ ತಿರುಗಿ ನೋಡುವಂತೆ ಬೈದಳು.

“ಒಂದ್ ದಿನ ತಡ ಎಂತಕ್ಕಾಯ್ತ್ ಅಬ್ಬಿ?” ಎಂದು ಅವನು ಕೇಳಿದ.

ಕಮಲ ಅತ್ತೆಯ ಕಡೆ ತಿರುಗಿದಳು.

“ಸೈನ್ಯದ ರೈಲಿಗೆ ದಾರಿ ಬಿಡ್ಕಾಯ್ತ್,” ಎಂದಳು ಬಾಗಿ. “ಹಾಂಗಾಯಿ ಮದ್ರಾಸಂಗೆ ಇಳೀಕಾಯ್ತ್.”

ಛತ್ರದಲ್ಲಿ ನಡೆದ ಮಾತನ್ನು ಅವಳು ಆ ದಿನ ಎತ್ತಲಿಲ್ಲ, ಆಮೇಲೆಯೂ ಎತ್ತಲಿಲ್ಲ. ಸೂರ್ಯನ ಕತೆಯನ್ನು ಮಾತ್ರ ಮಗನ ಕೋಣೆಯಿದ್ದ ಚಾಳಿನ ಹೆಂಗಸರಿಗೆಲ್ಲ ಹೇಳಿದಳು. ಅವಳು ಹೇಳುವಾಗಲೆಲ್ಲ ಕಮಲ ಒಳಗಿನ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ತಾನು ಹೇಳಿಸಿದ ಸುಳ್ಳು ನೆನಪಾಗಿ, ಕತೆ ಮುಗಿಯುವವರೆಗೂ ನಿಲ್ಲಲಾರದೆ ಮತ್ತೆ ಒಳಗೆ ಹೋಗುತ್ತಿದ್ದಳು.