ಚಿಂಚೋಳಿ ಹೊಂಡದ ಫೋಟೋಗಳು

ಸೇಡಂನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಚಂದಮ್ಮನಿಗೆ ಎಂಟು ವರ್ಷಗಳಿಂದ ಒಂದೇ ಹುಚ್ಚು. ಜಗತ್ತೆಲ್ಲ ತಿರುಗಿ ಕಾಡುಪ್ರಾಣಿಗಳನ್ನು ಅವು ಇರುವಲ್ಲೇ ಹೋಗಿ ನೋಡಬೇಕು. ಜುಲೈಯಲ್ಲಿ ಕೀನ್ಯಾ, ಹಿಂಡುಗಟ್ಟಿ ಹೊಳೆ ದಾಟುವ ಜೀಬ್ರಾಗಳಿಗಾಗಿ. ಆಗಸ್ಟಿನಲ್ಲಿ ಬೋರ್ನಿಯೊ, ಒರಾಂಗುಟಾನ್‌ಗಳಿಗಾಗಿ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅರ್ಜೆಂಟೀನಾದ ಕಡಲ ದಂಡೆ, ಪೆಂಗ್ವಿನ್‌ಗಳು ಗೂಡಿಗೆ ಬರುವ ಕಾಲಕ್ಕೆ. ಹೈದರಾಬಾದಿನಿಂದ ಆಚೆ ಕಾಲಿಡದ ಹೆಂಗಸು ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎಲ್ಲರೂ ಮುಸಿಮುಸಿ ನಕ್ಕರು. ನಗಲಿ ಬಿಡಿ. ನಕ್ಕವರು ಶಹಾಬಾದಿನ ಮದುವೆಗೆ ಹೋಗಲಿಕ್ಕೂ ಮೂರು ದಿನ ಯೋಚಿಸುವವರು.

ಪ್ರವಾಸದ ಜೊತೆಗಾತಿ ವೈನಿ ದಾನೇಶ್ವರಿ, ಅಣ್ಣ ಸಿದ್ಧಲಿಂಗನ ಹೆಂಡತಿ. ಅಣ್ಣ ಲೈನ್‌ಮನ್ ಆಗಿದ್ದ. ಹದಿನೆಂಟು ವರ್ಷಗಳ ಹಿಂದೆ ಡ್ಯೂಟಿಗೆಂದು ಹೋದವನು ಮತ್ತೆ ಮನೆಗೆ ಬರಲಿಲ್ಲ. ಏಳು ವರ್ಷ ಸುಳಿವಿಲ್ಲವೆಂದ ಮೇಲೆ ಕೋರ್ಟು ಅವನು ಸತ್ತನೆಂದೇ ಬರೆದುಕೊಟ್ಟಿತು. ಅವನ ಇಲಾಖೆಯಲ್ಲೇ ವೈನಿಗೆ ಅನುಕಂಪದ ನೌಕರಿ ಸಿಕ್ಕಿತು. ಇಬ್ಬರೂ ಇರುವ ಮನೆಯ ಗೋಡೆಯ ಮೇಲೆ ಅಣ್ಣನ ಫೋಟೋ, ಫೋಟೋಕ್ಕೆ ಹಾರ. ಅಮಾವಾಸ್ಯೆಗೊಮ್ಮೆ ಹಾರ ಬದಲಿಸುವವಳು ಚಂದಮ್ಮನೇ. ವೈನಿ ಅದನ್ನು ಮುಟ್ಟುತ್ತಿರಲಿಲ್ಲ. ಪಾಪ, ತಾಳಲಾರಳು ಎಂದುಕೊಂಡಿದ್ದಳು ಚಂದಮ್ಮ.

ಭಾನುವಾರ ಬಂತೆಂದರೆ ಇಬ್ಬರೂ ಶಾಲೆಯ ಹಳೆಯ ಭೂಪಟವನ್ನು ಫರಸಿ ಕಲ್ಲಿನ ನೆಲದ ಮೇಲೆ ಹಾಸಿ ಕೂರುವರು. ಯಾವ ದೇಶದಲ್ಲಿ ರೊಟ್ಟಿ ಸಿಗುವುದಿಲ್ಲ, ಎಲ್ಲಿಗೆ ಎಷ್ಟು ಹಿಂಡಿ, ಚಟ್ನಿಪುಡಿ ಕಟ್ಟಿಕೊಳ್ಳಬೇಕು ಎಂಬುದೆಲ್ಲ ವೈನಿಯ ಖಾತೆ. ಆದರೆ ಹೊರಡುವ ಮಾತು ಬಂದಾಗಲೆಲ್ಲ ಆಕೆಯದು ಒಂದೇ ರಾಗ, "ಮುಂದಿನ ವರ್ಷ ಹೋಗಮು, ಚಂದವ್ವ." ಈ ವರ್ಷ ಚಂದಮ್ಮ ಹಟ ಹಿಡಿದಳು. ಮೂರು ತಿಂಗಳ ರಜೆಯನ್ನೇ ಮಂಜೂರು ಮಾಡಿಸಿಕೊಂಡು ಬಂದಳು. ವೈನಿ ಎದ್ದು ಒಳಗೆ ಹೋದಳು.

ಹೋಗುವ ಮುನ್ನ ಕೈ ಪಳಗಲೆಂದು ಚಂದಮ್ಮ ಒಂದು ಕ್ಯಾಮೆರಾ ತರಿಸಿದ್ದಳು. ಮರಕ್ಕೆ ಕಟ್ಟಿಬಿಟ್ಟರೆ ಮುಂದೆ ಏನು ಅಲುಗಾಡಿದರೂ ತಾನೇ ಫೋಟೋ ತೆಗೆಯುವ ಪೆಟ್ಟಿಗೆ ಅದು. ಚಿಂಚೋಳಿಯ ಅಡವಿಯಂಚಿನಲ್ಲಿ ಅವಳ ಹಳೆಯ ವಿದ್ಯಾರ್ಥಿ ಶಹಾಬುದ್ದೀನನ ತೊಗರಿ ಹೊಲವಿತ್ತು, ಹೊಲದಲ್ಲಿ ಒಂದು ನೀರಿನ ಹೊಂಡ. "ಅಲ್ಲೇನು ಬರ್ತದ, ಬರೇ ಹಂದಿ" ಎಂದು ವೈನಿ ಮೂಗು ಮುರಿದರೂ ಕೇಳದೆ, ಬಸ್ಸು ಹತ್ತಿ ಹೋಗಿ ಹೊಂಡದೆದುರಿನ ಬೇವಿನ ಮರಕ್ಕೆ ಕಟ್ಟಿ ಬಂದಳು. ಮೂರು ವಾರದ ನಂತರ, ಒಂದು ಶನಿವಾರ ಸಂಜೆ, ತೊಗರಿ ಮಾರಲು ಸೇಡಂಗೆ ಬಂದ ಶಹಾಬುದ್ದೀನ ಅದರೊಳಗಿನ ಮೆಮೊರಿ ಕಾರ್ಡನ್ನು ಬಿಚ್ಚಿ ತಂದುಕೊಟ್ಟ.

ಭಾನುವಾರ ಮುಂಜಾನೆ ಚಹಾ ಕುಡಿಯುತ್ತ ಚಂದಮ್ಮ ಲ್ಯಾಪ್‌ಟಾಪ್ ತೆರೆದಳು. ಅಡುಗೆಮನೆಯಿಂದ ವೈನಿ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಮೊದಲು ಹಂದಿಗಳು, ವೈನಿಯ ಮಾತು ಸುಳ್ಳಾಗಲಿಲ್ಲ. ಆಮೇಲೆ ನವಿಲು, ಮೊಲ, ಒಂದು ಮುಳ್ಳುಹಂದಿ. ಆಮೇಲೆ ನೀರಿಗೆ ಬಾಯಿಟ್ಟ ನರಿ! ಖುಷಿಗೆ ವೈನಿಯನ್ನು ಕೂಗಬೇಕೆಂದವಳು, ಇನ್ನೊಂದು ನೋಡಿ ಕೂಗೋಣವೆಂದು ಗುಂಡಿ ಒತ್ತಿದಳು.

ಒಬ್ಬ ಮನುಷ್ಯ ಬಗ್ಗಿ ಮುಖ ತೊಳೆಯುತ್ತಿದ್ದ. ಮುಂದಿನ ಫೋಟೋದಲ್ಲಿ ತಲೆ ಎತ್ತಿದ್ದ.

ಚಹಾದ ಲೋಟ ಕೈಯಿಂದ ಜಾರಿ ಭೂಪಟದ ಮೇಲೆ ಬಿತ್ತು. ಗಡ್ಡ ಬೆಳ್ಳಗಾಗಿತ್ತು, ಕೆನ್ನೆಗಳು ಒಳಗೆ ಹೋಗಿದ್ದವು. ಆದರೆ ಎಡಹುಬ್ಬನ್ನು ಸೀಳಿದ ಆ ಗಾಯದ ಗುರುತು? ಎಂಟು ವರ್ಷದವಳಿದ್ದಾಗ ಕಲ್ಲೆಸೆದು ಅದನ್ನು ಮಾಡಿದವಳು ಅವಳೇ. ಗೋಡೆಯ ಮೇಲಿನ ಫೋಟೋ ನೋಡಿದಳು, ಪರದೆ ನೋಡಿದಳು. ಅಲ್ಲೂ ಅದೇ ಗಾಯ, ಇಲ್ಲೂ ಅದೇ ಗಾಯ. ಸತ್ತವನು ಹೊಂಡದಲ್ಲಿ ಮುಖ ತೊಳೆಯುತ್ತಾನೆಯೇ? ವಿಜ್ಞಾನದ ಟೀಚರ್ ಆದ್ದರಿಂದ ದೆವ್ವ ಎನ್ನಲಾಗಲಿಲ್ಲ, ಫೋಟೋದ ಮೂಲೆಯಲ್ಲಿದ್ದ ತಾರೀಖು, ಸಮಯವನ್ನು ಎರಡೆರಡು ಸಲ ಓದಿದಳು.

ಅಣ್ಣ ಬದುಕಿದ್ದಾನೆ ಎಂಬ ಸಂತೋಷ ಅರ್ಧ ಕ್ಷಣವೂ ಉಳಿಯಲಿಲ್ಲ. ಅವನು ಬದುಕಿದ್ದರೆ ವೈನಿಯ ನೌಕರಿ ಹೋಗುತ್ತದೆ. ಕೋರ್ಟಿಗೆ ಸುಳ್ಳು ಹೇಳಿದಳೆಂದು ಕೇಸೂ ಆಗಬಹುದು. ಏನೂ ಅರಿಯದ ಆ ಹೆಂಗಸಿಗೆ ಇದನ್ನು ಯಾವ ಬಾಯಿಂದ ಹೇಳುವುದು? ಹೇಳದೆ ಒಂದೇ ಮನೆಯಲ್ಲಿ ಹ್ಯಾಗೆ ಇರುವುದು? ಮತ್ತೊಂದು ಫೋಟೋ ತೆರೆದಳು.

ಅದು ತಿಂಗಳ ಎರಡನೇ ಶನಿವಾರದ ಮಧ್ಯಾಹ್ನ. ಅಣ್ಣ ಹೊಂಡದ ದಂಡೆಯಲ್ಲಿ ಕೂತು ಗಂಟು ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ. ಗಂಟಿನ ಬಟ್ಟೆ ಹಸಿರು ಇಳಕಲ್ ಸೀರೆಯ ತುಂಡು, ಅಂಚಿಗೆ ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಕಲೆ. ಆ ಸೀರೆ ಅವಳದು, ಸುಟ್ಟವಳೂ ಅವಳೇ. ಹೋದ ದೀಪಾವಳಿಗೆ ಅದನ್ನು ಪಾತ್ರೆ ಮಾರುವ ಆಶಾಬಿಗೆ ಕೊಟ್ಟು ಸ್ಟೀಲ್ ಡಬ್ಬಿ ತಗೊಂಡೆ ಎಂದಿದ್ದಳು ವೈನಿ. ಎರಡನೇ ಶನಿವಾರ ತಪ್ಪದೆ ಚಿಂಚೋಳಿಯ ತಂಗಿಯ ಮನೆಗೆ ಹೋಗಿ ಬರುವವಳೂ ವೈನಿಯೇ.

ಚಂದಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು.

"ವೈನಿ, ನನ್ನ ಹಸರ ಸೀರಿ ಯಾರಿಗಿ ಕೊಟ್ರಿ?"

"ಆಶಾಬಿಗಿ. ಯಾಕ?"

"ಅಣ್ಣ ಅದರಾಗ ರೊಟ್ಟಿ ಕಟಗೊಂಡ ಉಣ್ಣಾಕತ್ತಾನ. ಬರ್ರಿ, ನೋಡ್ರಿ."

ಬಡಿಯುತ್ತಿದ್ದ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಲಾದರೂ ವೈನಿ ಅದನ್ನು ತಿರುವಲಿಲ್ಲ. ಆಮೇಲೆ ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಅಲ್ಲಿಯೇ ಕೂತಳು.

"ಇಷ್ಟ ದೊಡ್ಡ ಅಡವ್ಯಾಗ ಅದೇ ಹೊಂಡಕ್ಕ ಕಟ್ಟಿ ಬರ್ತಿ ಅಂತ ನನಗೇನ್ ಗೊತ್ತು" ಎಂದಳು.

"ಎಷ್ಟ ವರ್ಷದಿಂದ ಗೊತ್ತದ ನಿಮಗ?"

"ಹನ್ನೆರಡ ಆಯ್ತು. ಕಾಳಗಿ ಬಸ್ ಸ್ಟ್ಯಾಂಡಿನ್ಯಾಗ ಕಂಡ್ರು. ಕಾಲ ಹಿಡದ ಕರದೆ, ಬರಲಿಲ್ಲ. ನಾ ಸತ್ತೀನಿ ಅಂತ ಬರದ ಕೊಡು, ನೌಕರಿ ತಗೋ, ಚಂದವ್ವನ್ನ ನೋಡಕೋ ಅಂದ್ರು. ಈಗ ಆ ಹೊಂಡದ ಕಡೀಗೇ ಯಾರದೋ ಹೊಲ ಕಾಯ್ಕೋತ ಇರ್ತಾರ. ತಿಂಗಳಿಗೊಮ್ಮಿ ರೊಟ್ಟಿ ಒಯ್ದ ಕೊಟ್ಟ ಬರ್ತೀನಿ. ಮೂರ ತಿಂಗಳು ನಾ ಇಲ್ಲಂದ್ರ ಯಾರ ಒಯ್ಯಬೇಕು? ಅದಕ್ಕ ವರ್ಷಾ ಮುಂದ ದೂಡಕೋತ ಬಂದೆ."

ಹನ್ನೆರಡು ವರ್ಷ! ಅಷ್ಟೂ ವರ್ಷ ಬದುಕಿದ್ದವನ ಫೋಟೋಕ್ಕೆ ಹಾರ ಹಾಕಿಸಿದಳಲ್ಲ ಇವಳು. ಚಂದಮ್ಮನಿಗೆ ಸಿಟ್ಟು ನೆತ್ತಿಗೇರಿತು. "ನನಗ್ಯಾಕ ಹೇಳಲಿಲ್ಲ? ನಾ ಅವನ ತಂಗಿ ಅಲ್ಲೇನು?"

"ಅವರು ಮನಿ ಬಿಟ್ಟಿದ್ದೇ ನಿನ್ನ ಸಲುವಾಗಿ, ಚಂದವ್ವ." ವೈನಿ ತಲೆ ಎತ್ತಲಿಲ್ಲ. "ದೇವಿಂದ್ರ ಕಂಬದ ಮ್ಯಾಲಿದ್ದಾಗ ಲೈನಿಗಿ ಕರೆಂಟ್ ಬಿಡ್ರಿ ಅಂತ ಫೋನ್ ಮಾಡಿದವರು ಇವರೇ. ಅವ ಇಳದಾನ ಅಂತ ತಿಳದಿದ್ರು."

ದೇವಿಂದ್ರ ಅಣ್ಣನ ಜೊತೆಗೇ ಕೆಲಸ ಮಾಡುತ್ತಿದ್ದವನು. ಚಂದಮ್ಮನಿಗೆ ಗೊತ್ತುಮಾಡಿದ್ದ ವರ. ಕುರಕುಂಟಾದಲ್ಲಿ ಮದುವೆಯ ಚಪ್ಪರ ಹಾಕಲು ನಾಲ್ಕು ದಿನ ಇರುವಾಗ ಕಂಬದ ಮೇಲೆ ಕರೆಂಟು ಹೊಡೆದು ಸತ್ತಿದ್ದ. ಅಣ್ಣ ಕಾಣೆಯಾದದ್ದು ಅವನ ಮಣ್ಣು ಮುಗಿದ ಮರುದಿನ. ಗೆಳೆಯನ ದುಃಖಕ್ಕೆ ತಲೆ ಕೆಟ್ಟಿತು ಎಂದು ಎಲ್ಲರೂ ಅಂದಿದ್ದರು, ಅವಳೂ ಅದನ್ನೇ ನಂಬಿದ್ದಳು.

ಚಂದಮ್ಮ ಬಾಗಿಲಲ್ಲೇ ಕೂತಳು. ಅಳು ಬರಲಿಲ್ಲ. ಒಂದೇ ಮುಂಜಾನೆ ಅಣ್ಣ ಎದ್ದು ಬಂದ, ಅದೇ ಮುಂಜಾನೆ ದೇವಿಂದ್ರ ಇನ್ನೊಮ್ಮೆ ಸತ್ತ. ಅಣ್ಣ ಎದುರಿಗೆ ಸಿಕ್ಕಿದ್ದರೆ ಹೊಡೆಯುತ್ತಿದ್ದಳು. ಹೌದು, ಹೊಡೆಯುತ್ತಿದ್ದಳು, ಮತ್ತು ಊಟ ಆಯ್ತೇನೋ ಎಂದೂ ಕೇಳುತ್ತಿದ್ದಳು.

"ಆ ಫೋಟೋ ಅಳಿಸಿಬಿಡು" ಎಂದಳು ವೈನಿ. "ಯಾರರೆ ನೋಡಿದ್ರ ನಾ ಜೇಲಿಗಿ ಹೋಗತೀನಿ."

ಅಳಿಸಲೆಂದೇ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತರು. ಇನ್ನೂ ಇದ್ದವು. ರೊಟ್ಟಿ ತಿಂದ ಮರುದಿನ ಅಣ್ಣನ ಕಣ್ಣಿಗೆ ಕ್ಯಾಮೆರಾ ಬಿದ್ದಿತ್ತು. ಮುಖ ಪರದೆಯ ತುಂಬ ಬಂದಿತ್ತು, ಏನನ್ನೋ ಓದುತ್ತಿದ್ದ. ಯಾರೂ ಕದಿಯದಿರಲೆಂದು ಚಂದಮ್ಮ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದ್ದಳು: "ಚಂದಮ್ಮ ಟೀಚರ್, ಸೇಡಂ. ಪ್ರಾಣಿಗಳ ಫೋಟೋ ಸಲುವಾಗಿ. ಮುಟ್ಟಬ್ಯಾಡ್ರಿ." ಮುಂದಿನ ಫೋಟೋದಲ್ಲಿ ಅವನು ಎರಡು ಹೆಜ್ಜೆ ಹಿಂದೆ ಸರಿದು ಬಾಯಿ ತೆರೆದು ನಿಂತಿದ್ದ. ಅದರ ಮುಂದಿನದರಲ್ಲಿ ಬೆನ್ನು ಹಾಕಿ ಓಡುತ್ತಿದ್ದ.

"ಹೆದರ್ಯಾರ" ಎಂದಳು ವೈನಿ.

ಚಂದಮ್ಮ ಗುಂಡಿ ಒತ್ತಿದಳು. ಮರುದಿನ ಮುಂಜಾನೆ ಏಳು ಗಂಟೆ. ಅಣ್ಣ ಕ್ಯಾಮೆರಾದ ಎದುರಿಗೆ ನೆಲದ ಮೇಲೆ ಕೂತಿದ್ದ. ಮುಖ ತೊಳೆದು ತಲೆ ಬಾಚಿದ್ದ, ವಿಭೂತಿ ಹಚ್ಚಿಕೊಂಡಿದ್ದ. ಎರಡೂ ಕೈ ಜೋಡಿಸಿ ನೆಟ್ಟಗೆ ನೋಡುತ್ತಿದ್ದ. ಅದರ ಮರುದಿನವೂ ಏಳಕ್ಕೆ, ಅದೇ ಜಾಗ, ಅದೇ ಕೈ. ಅದರಾಚೆಯ ದಿನವೂ. ಒಂದು ದಿನವೂ ಬಿಟ್ಟಿರಲಿಲ್ಲ. ಹದಿನೆಂಟು ವರ್ಷ ತಂಗಿಗೆ ಮುಖ ತೋರಿಸಲಾಗದೆ ಅಡವಿ ಸೇರಿದವನು ಈಗ ದಿನಾ ಬಂದು ಮುಖ ತೋರಿಸುತ್ತಿದ್ದ. ವೈನಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಕೊನೆಯದು ನಿನ್ನೆ ಮುಂಜಾನೆಯದು. ಅದರ ನಂತರ ಪರದೆ ಖಾಲಿ. ಖಾಲಿ ಯಾಕೆಂದು ಚಂದಮ್ಮನಿಗೆ ಹೊಳೆಯಿತು. ನಿನ್ನೆ ಶಹಾಬುದ್ದೀನ ಬಿಚ್ಚಿ ತಂದದ್ದು ಕಾರ್ಡು ಮಾತ್ರ, ಪೆಟ್ಟಿಗೆ ಇನ್ನೂ ಬೇವಿನ ಮರದಲ್ಲೇ ಇದೆ. ಇವತ್ತೂ ಏಳಕ್ಕೆ ಅಣ್ಣ ತಲೆ ಬಾಚಿಕೊಂಡು ಬಂದಿರುತ್ತಾನೆ, ಏನನ್ನೂ ನೋಡದ ಆ ಪೆಟ್ಟಿಗೆಗೆ ಕೈ ಮುಗಿದಿರುತ್ತಾನೆ.

ಅವಳು ಎದ್ದು ಚಪ್ಪಲಿ ಮೆಟ್ಟಿದಳು.

"ಅವನ್ನ ಕ್ಷಮಾ ಮಾಡೀನಿ ಅಂತ ತಿಳ್ಕೋಬ್ಯಾಡ್ರಿ, ವೈನಿ" ಎಂದಳು. "ಚಿಂಚೋಳಿ ಬಸ್ಸು ಎಷ್ಟಕ್ಕದ, ಅದಷ್ಟ ಹೇಳ್ರಿ."