ಇಳಿಜಾರು ಕಮೋಡು

"ಏನ್ರೇ, ಒಳಗೇನು ಮೊಟ್ಟೆ ಇಟ್ಟು ಕಾವು ಕೊಡ್ತಿದೀರಾ? ಎದ್ದು ಬರ್ರೇ ಹೊರಗೆ!"

ಸೂಪರ್‌ವೈಸರ್ ಕಕ್ಕಸಿನ ಬಾಗಿಲನ್ನು ಬೂಟುಗಾಲಿನಿಂದ ಒದ್ದು ಹೋದ. ಆ ಹೊಲಿಗೆ ಕಾರ್ಖಾನೆಯ ಕಕ್ಕಸು ತೊಳೆಯುವ ಅಕ್ಕ ಪೊರಕೆ ಹಿಡಿದು ಹಲ್ಲು ಕಚ್ಚಿದಳು. ಒಳಗಿದ್ದವಳು ಅವಳ ಒಡಹುಟ್ಟಿದ ತಂಗಿ, ಏಳು ತಿಂಗಳ ಬಸುರಿ.

ಹೆಂಗಸರು ಕಕ್ಕಸಿನಲ್ಲಿ ಕೂತು ಹೊತ್ತು ಕಳೆಯುತ್ತಾರೆಂದು ಮಾಲೀಕನಿಗೆ ಹೊಟ್ಟೆಯುರಿ. ದೊಡ್ಡ ಓದು ಓದಿದ ಡಿಸೈನರ್ ಒಬ್ಬನಿಂದ ಎಂಟು ಹೊಸ ಕಮೋಡು ಮಾಡಿಸಿ ಹಾಕಿಸಿದ್ದ. ಸೀಟು ಮುಂದಕ್ಕೆ ಇಳಿಜಾರು. ಕೂತರೆ ಜಾರುತ್ತದೆ, ಜಾರದಿರಲು ಕಾಲು ಊರಬೇಕು, ಮೂರು ನಿಮಿಷಕ್ಕೆ ತೊಡೆ ನಡುಗುತ್ತದೆ. ಉಚ್ಚೆ ಹೊಯ್ಯಲಿಕ್ಕೂ ಪೈಲ್ವಾನರ ತೊಡೆ ಬೇಕು! ನಿನ್ನೆ ತಂಗಿ ಜಾರಿ ಬಾಗಿಲಿಗೆ ಹಣೆ ಚಚ್ಚಿಕೊಂಡಿದ್ದಳು. ಹೆದರಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಇವಳು ಇಲ್ಲೇ ಬಿದ್ದು ಕೂಸು ಕಳಕೊಂಡರೆ ಎಂದು ಅಕ್ಕ ಪ್ರತಿಸಲವೂ ಬಾಗಿಲ ಹೊರಗೇ ಕಾದು ನಿಲ್ಲುತ್ತಿದ್ದಳು.

ಮಧ್ಯಾಹ್ನ ಡಿಸೈನರೇ ಟೇಪು ಹಿಡಿದು ಸೀಟು ಅಳೆಯಲು ಬಂದ.

"ಸ್ವಾಮಿ, ನನ್ ತಂಗಿ ಬಿದ್ಲು. ಬಸುರಿ ಹೆಂಗ್ಸು."

"ಹದಿಮೂರೇ ಡಿಗ್ರಿ ಕಣಮ್ಮ. ಯಾರೂ ಬೀಳಲ್ಲ."

"ನೀವು ಕೂತು ನೋಡಿದ್ರಾ?"

"ಕಂಪ್ಯೂಟರಲ್ಲಿ ಎಲ್ಲಾ ನೋಡಿದೀನಿ."

"ಕಂಪ್ಯೂಟರ್ ಹೇಲತ್ತಾ?"

ಸಾಲಿನಲ್ಲಿ ನಿಂತ ಹೆಂಗಸರು ಕಿಸಕ್ಕನೆ ನಕ್ಕರು. ಡಿಸೈನರ್ ಕೆಂಪಾದ.

"ಮಾಲೀಕರು ಕೇಳಿದ್ದನ್ನ ಮಾಡಿಕೊಟ್ಟಿದೀನಿ. ಯಾರು ಬಿದ್ರು, ಯಾರು ಎದ್ರು, ಅದು ನನ್ನ ಕೆಲಸ ಅಲ್ಲ."

ಅಕ್ಕನ ಪಿತ್ತ ನೆತ್ತಿಗೇರಿತು. ಪೊರಕೆಯಿಂದಲೇ ಅವನನ್ನು ಒಳಕ್ಕೆ ನೂಕಿ, ತೊಳೆಯುವಾಗ ಹಾಕುವ ಹೊರಚಿಲಕ ಜಡಿದಳು.

"ಕೂತ್ಕೋ ಬೋಳಿಮಗನೆ! ನೆಟ್ಟಗೆ ಕೂತು ತೋರ್ಸೋ ತನಕ ತೆಗೆಯಲ್ಲ."

ಒಳಗಿನಿಂದ ಬೆದರಿಕೆ ಬಂತು, ಬೈಗುಳ ಬಂತು, ಆಮೇಲೆ ಗೋಗರೆತ ಬಂತು. ನಿಂತೂ ನಿಂತೂ ಸಾಕಾಗಿ ಕೂತನೇನೋ, ಸ್ವಲ್ಪ ಹೊತ್ತಿಗೆ ದಡ್ ಎಂದು ಬಾಗಿಲು ಅಲ್ಲಾಡಿತು.

"ಅಯ್ಯಮ್ಮಾ! ಹಣೆ!"

"ಯಾಕೋ, ಹದಿಮೂರೇ ಡಿಗ್ರಿ ಅಲ್ವಾ?" ಸಾಲಿನಲ್ಲಿದ್ದ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತೋ, ಅಕ್ಕನ ಕಣ್ಣು ಒದ್ದೆಯಾಯಿತು.

ಗಲಾಟೆ ಕೇಳಿ ಸೂಪರ್‌ವೈಸರ್ ಓಡಿ ಬಂದ. "ತೆಗಿಯೇ ಲೌಡಿ! ಇವತ್ತಿಗೇ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!"

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಹೆಂಗಸರೆಲ್ಲ ಎದ್ದು ಬಂದು ಅಕ್ಕನ ಸುತ್ತ ನಿಂತರು. ಆ ನಿಶ್ಶಬ್ದದಲ್ಲಿ ಒಳಗಿನಿಂದ ಸಣ್ಣ ದನಿ ಕೇಳಿಸಿತು.

"ಅಕ್ಕಾ... ಒಂದು ಸ್ಪ್ಯಾನರ್ ಸಿಗುತ್ತಾ?"

ಯಾರೋ ಯಂತ್ರ ಬಿಚ್ಚುವ ಸ್ಪ್ಯಾನರ್ ತಂದುಕೊಟ್ಟರು. ಅಕ್ಕ ಅದನ್ನು ಬಾಗಿಲ ಕೆಳಗಿನ ಸಂದಿಯಲ್ಲಿ ತೂರಿಸಿದಳು.

"ಸೀಟು ಬಿಚ್ಚಪ್ಪಾ. ಆಮೇಲೆ ಇನ್ನೂ ಏಳಿವೆ."

ಹೇಳಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಒದ್ದೆ ಪೊರಕೆಯನ್ನು ಸೂಪರ್‌ವೈಸರನ ಮೂಗಿನ ಮಟ್ಟಕ್ಕೆ ಎತ್ತಿದಳು.