ಕೈ ಪಳಗುವ ತನಕ

ಆ ಬಡಾವಣೆಯ ಮುಸಲ್ಮಾನರ ಮನೆಗಳಲ್ಲಿ ಯಾವ ಹೆಂಗಸು ತೀರಿಕೊಂಡರೂ ಕೊನೆಯ ಸ್ನಾನ ಮಾಡಿಸುತ್ತಿದ್ದವಳು ನೀರು ಖಾಲಾ. ಖಾಲಾ ಎಂದರೆ ತಾಯಿಯ ಒಡಹುಟ್ಟಿದವಳು. ಎಲ್ಲರೂ ಹಾಗೆಂದೇ ಕರೆಯುತ್ತಿದ್ದರು, ಆದರೆ ಯಾವ ಮನೆಯ ತಾಯಿಯೂ ಅವಳನ್ನು ಒಡಹುಟ್ಟಿದವಳ ಹಾಗೆ ಒಳಗೆ ಕರೆದು ಕೂರಿಸಿದ್ದಿಲ್ಲ. ಬೀದಿಯಲ್ಲಿ ಎದುರಾದರೆ ಸಲಾಂ ಸಿಗುತ್ತಿತ್ತು, ದೂರದಿಂದ. ಎಳೆಮಗುವನ್ನು ಎತ್ತಿಕೊಂಡವರು ಅದನ್ನು ಆಚೆ ಹೆಗಲಿಗೆ ಬದಲಾಯಿಸಿಕೊಳ್ಳುತ್ತಿದ್ದರು. ಜನ ಕೆಟ್ಟವರೇನಲ್ಲ. ಸತ್ತವರನ್ನು ಮುಟ್ಟಿದ ಕೈ ಎಂಬ ಹೆದರಿಕೆ ಧರ್ಮದಲ್ಲಿಲ್ಲ, ಎದೆಯಲ್ಲಿದೆ. ಎದೆಗೆ ಯಾವ ಮೌಲ್ವಿ ತಾನೆ ಪಾಠ ಹೇಳಿಯಾನು?

ಗಂಡ ಹೋಗಿ ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಇತ್ತೀಚೆಗೆ ಕರೆಯುವವರೂ ಕಡಿಮೆಯಾಗಿದ್ದರು. ಜನ ಸಾಯುವುದನ್ನು ಬಿಟ್ಟಿದ್ದರು ಎಂದಲ್ಲ. ಆಸ್ಪತ್ರೆಯಲ್ಲಿ ಸಾಯುತ್ತಿದ್ದರು, ಅಲ್ಲಿಂದಲೇ ತೊಳೆದು ಕಟ್ಟಿ ಕಳಿಸುತ್ತಿದ್ದರು. ಹಿಂದಿನ ಸಲ ಒಂದು ಮನೆಯಲ್ಲಿ ನೀರಿನ ಬಕೆಟ್ ಎತ್ತುವಾಗ ಖಾಲಾಗೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ನಿಂತಿದ್ದಳು. ಅಂದಿನಿಂದ ಅವಳಿಗೆ ಒಂದೇ ಚಿಂತೆ. ಊರನ್ನೆಲ್ಲ ತೊಳೆದವಳನ್ನು ಕೊನೆಗೆ ತೊಳೆಯುವವರು ಯಾರು? ಆಸ್ಪತ್ರೆಯ ಯಾವುದೋ ಗುರುತಿಲ್ಲದ ಕೈಗೆ ಸಿಗಬೇಕೇ?

ಹಾಗಾಗಿ ಮಸೀದಿ ಕಮಿಟಿಯ ಸೆಕ್ರೆಟರಿ ಬಾಗಿಲಿಗೆ ಬಂದು ನಿಂತಾಗ ಅವಳು ಎರಡನೇ ಮಾತಾಡಲಿಲ್ಲ. ಸೆಕ್ರೆಟರಿ ಹೊಸ ಕಾಲದ ಮನುಷ್ಯ. ನಮಾಜಿನ ಹೊತ್ತನ್ನೂ ಚಂದ್ರ ಕಂಡ ಸುದ್ದಿಯನ್ನೂ ಎಲ್ಲರ ಫೋನಿಗೆ ಕಳಿಸುವವನು.

"ಖಾಲಾ, ನಮ್ಮ ಹೆಣ್ಮಕ್ಕಳೇ ನಾಲ್ಕು ಜನ ಈ ಕೆಲಸ ಕಲಿತ್ರೆ ಒಳ್ಳೇದಲ್ವಾ? ಗ್ರೂಪಲ್ಲಿ ಹಾಕಿದೀನಿ. ಕಲಿಸೋದಕ್ಕೆ ಬೊಂಬೇನೂ ತರಿಸ್ತೀನಿ. ನೀವು ಸುಮ್ನೆ ಕೂತು ಹೇಳಿದ್ರೆ ಸಾಕು."

"ನಾಲ್ಕು ಜನ ಯಾಕಪ್ಪಾ, ಒಬ್ಬಳು ಕಲಿತ್ರೂ ಸಾಕು" ಎಂದಳು ಖಾಲಾ.

ಮಸೀದಿಯ ಹಿಂದೆ, ಹೆಂಗಸರು ನಮಾಜು ಮಾಡುವ ಕೋಣೆಗೆ ಅಂಟಿದ ಬಚ್ಚಲುಮನೆಯಲ್ಲಿ ಕ್ಲಾಸು. ಬಂದವರು ಮೂವರು. ಅವರಲ್ಲೊಬ್ಬಳು ಹೆಣಕ್ಕೆ ಸುತ್ತುವ ಕಫನ್ನಿನ ಬಿಳಿ ಬಟ್ಟೆ ನೋಡಿದ್ದೇ "ಫೋನ್ ಬರ್ತಿದೆ" ಎಂದು ಹೊರಗೆ ಹೋದವಳು ಮತ್ತೆ ಬರಲಿಲ್ಲ. ಉಳಿದವರು ಇಬ್ಬರು. ಒಬ್ಬಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನವಳು. ಇನ್ನೊಬ್ಬಳು ಹೆಂಗಸರಿಗೆ ಕಾರು ಓಡಿಸಲು ಕಲಿಸುವ ಡ್ರೈವಿಂಗ್ ಮೇಡಂ; ಬ್ರೇಕ್ ಬ್ರೇಕ್ ಎಂದು ಕೂಗಿ ಕೂಗಿ ದನಿ ಒಡೆದುಹೋಗಿತ್ತು.

ಬೊಂಬೆಯ ಪೆಟ್ಟಿಗೆ ತೆರೆದರು. ತಲೆ, ಎದೆ, ಅಷ್ಟೇ. ಕೈಯೂ ಇಲ್ಲ, ಕಾಲೂ ಇಲ್ಲ.

"ಇದು ಎದೆ ಒತ್ತಿ ಉಸಿರು ತರಿಸೋದನ್ನ ಕಲಿಸೋ ಬೊಂಬೆ" ಎಂದಳು ಲ್ಯಾಬಿನವಳು.

"ಅಂದ್ರೆ ಬದುಕಿಸೋ ಬೊಂಬೆ! ನಮ್ಮ ಸೆಕ್ರೆಟರಿ ಸಾಹೇಬ್ರು ಉಲ್ಟಾ ಗೇರ್ ಹಾಕಿದಾರೆ" ಎಂದಳು ಡ್ರೈವಿಂಗ್ ಮೇಡಂ. "ಬಲಗಾಲು ಮೊದಲು, ಎಡಗಾಲು ಆಮೇಲೆ ಅಂದ್ರಲ್ಲ ಖಾಲಾ, ಇದರ ಕಾಲು ಆಗಲೇ ಮೇಲೆ ಹೋಗಿಬಿಟ್ಟಿದೆ."

ಖಾಲಾಗೆ ನಗು ಬಂತು. ನಗುತ್ತಲೇ ಹೆಣ ತೊಳೆಯುವ ಹಲಗೆಯತ್ತ ನೋಡಿದಳು. "ನಾನೇ ಮಲಗ್ತೀನಿ" ಎಂದಳು.

"ಅಯ್ಯೋ, ಬೇಡ ಖಾಲಾ!"

"ಏನಮ್ಮಾ, ಎಂದಾದರೂ ಮಲಗೋದೇ ತಾನೆ. ಜಾಗ ಗಟ್ಟಿ ಇದೆಯಾ ಅಂತ ನೋಡ್ಕೊಳ್ತೀನಿ."

ಉಟ್ಟ ಬಟ್ಟೆಯಲ್ಲೇ ಮಲಗಿದಳು. ಮೇಲೆ ಚಾದರ ಹೊದಿಸಿದರು. ಮಯ್ಯತ್ ಎಂದರೆ ಹೆಣ, ಅದು ಮಾತಾಡಬಾರದು; ಮೇಷ್ಟ್ರು ಮಾತಾಡದೆ ಇರಬಾರದು. ಅವಳು ಚಾವಣಿ ನೋಡುತ್ತ ಪಾಠ ಹೇಳಿದಳು.

"ಬಿಸ್ಮಿಲ್ಲಾ ಅನ್ನಿ. ಚಾದರ ತೆಗೀಬಾರದು. ಕೈ ಚಾದರದ ಕೆಳಗೆ ಹೋಗ್ಬೇಕು, ಕಣ್ಣು ಹೋಗ್ಬಾರದು. ಮೈಮೇಲೆ ಗಾಯ, ಸುಟ್ಟ ಕಲೆ, ಏನೇ ಕಾಣಲಿ, ಹೊರಗೆ ಹೋಗಿ ಹೇಳೋ ಹಾಗಿಲ್ಲ. ತೊಳೆಯೋಳ ಬಾಯಿಗೆ ಬೀಗ."

ಲ್ಯಾಬಿನವಳು ರಬ್ಬರ್ ಕೈಗವಸು ತೊಟ್ಟಿದ್ದಳು. "ಹಾಕ್ಕೋಬಹುದಾ ಖಾಲಾ?" ಎಂದು ಅಳುಕುತ್ತ ಕೇಳಿದಳು.

"ಹಾಕ್ಕೋ ತಾಯಿ. ನಾನು ಬಟ್ಟೆ ಸುತ್ಕೊಳ್ತಿದ್ದೆ, ಒದ್ದೆಯಾಗಿ ಭಾರ ಆಗೋದು. ನಿಂದೇ ವಾಸಿ."

ಅವಳ ಕೆಲಸ ಅಚ್ಚುಕಟ್ಟು. ಬಲತೋಳು, ಬಲಪಕ್ಕೆ, ಬಲಗಾಲು, ಆಮೇಲೆ ಎಡ. ಹೇಳಿದ್ದು ಬಿಡಲಿಲ್ಲ, ಹೇಳದ್ದು ಮಾಡಲಿಲ್ಲ. ಇವಳು ಸಾಕು, ಇವಳ ಕೈಗೆ ಸಿಕ್ಕಿದರೆ ನಾಚಿಕೆಯಿಲ್ಲದೆ ಹೋಗಬಹುದು ಎಂದುಕೊಂಡಳು ಖಾಲಾ.

ಡ್ರೈವಿಂಗ್ ಮೇಡಂ ಸರದಿ ಬಂತು. ಅವಳದು ತಲೆ ತೊಳೆಯುವ ಪಾಲು. ಬಂದಾಗಿನಿಂದ ವಟವಟ ಎನ್ನುತ್ತಿದ್ದವಳು ಹಲಗೆಯ ತಲೆಕಡೆ ನಿಂತದ್ದೇ ಸುಮ್ಮನಾದಳು. ಕುತ್ತಿಗೆಯ ಕೆಳಗೆ ಅಂಗೈ ಕೊಟ್ಟು ತಲೆಯನ್ನು ಚೂರೇ ಎತ್ತಿದಳು. ಇನ್ನೊಂದು ಕೈಯಿಂದ ನೀರು ಹಾಕುವ ಮೊದಲು ಏನೋ ನೆನಪಾದವಳಂತೆ ಲ್ಯಾಬಿನವಳ ಕೈಗೆ ಚೊಂಬು ಕೊಟ್ಟು, ಖಾಲಾಳ ಹಣೆಗೆ ಅಂಗೈ ಅಡ್ಡ ಹಿಡಿದಳು. ಕಣ್ಣಿಗೆ ನೀರು ಹೋಗದಿರಲಿ ಎಂದು. ಸತ್ತವರ ಕಣ್ಣು ಉರಿಯುವುದಿಲ್ಲ. ಆದರೂ ಖಾಲಾ ತಾನು ತೊಳೆದ ಪ್ರತಿಯೊಬ್ಬಳ ಹಣೆಗೂ ಹೀಗೇ ಕೈ ಅಡ್ಡ ಹಿಡಿದಿದ್ದಳು. ಇದನ್ನು ಅವಳು ಯಾರಿಗೂ ಕಲಿಸಿರಲಿಲ್ಲ. ಕಲಿಸಲು ಬರುವಂಥದ್ದಲ್ಲ ಅದು.

ಬೆರಳುಗಳು ಕೂದಲೊಳಗೆ ಇಳಿದವು. ಸಿಕ್ಕು ಸಿಕ್ಕಿದಲ್ಲಿ ಜಗ್ಗದೆ ನಿಂತವು, ಬಿಡಿಸಿಕೊಂಡು ಮುಂದೆ ಹೋದವು. ತನ್ನ ತಲೆಯನ್ನು ಇನ್ನೊಬ್ಬರು ಮುಟ್ಟಿದ್ದು ಯಾವಾಗ ಎಂದು ಖಾಲಾ ನೆನಪು ಮಾಡಿಕೊಳ್ಳಲು ನೋಡಿದಳು. ಜ್ವರ ಬಂದಾಗ ಹಣೆಗೆ ತಣ್ಣೀರ ಬಟ್ಟೆ ಹಾಕಿಕೊಂಡದ್ದು ತಾನೇ. ಹಬ್ಬದ ದಿನ ಎಲ್ಲರೂ ಅಪ್ಪಿಕೊಳ್ಳುವಾಗ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದವಳೂ ತಾನೇ, ಬೇರೆಯವರಿಗೆ ಮುಜುಗರ ಬೇಡವೆಂದು. ನೆನಪು ಹಿಂದೆ ಹಿಂದೆ ಹೋಗಿ ಗಂಡನನ್ನೂ ದಾಟಿ ಎಲ್ಲಿಯೂ ನಿಲ್ಲಲಿಲ್ಲ.

"ಆಪಾ, ಇವ್ರು ಅಳ್ತಿದಾರೆ" ಎಂದು ಡ್ರೈವಿಂಗ್ ಮೇಡಂ ಕಿವಿಯಲ್ಲಿ ಪಿಸುಗುಟ್ಟಿದಳು ಲ್ಯಾಬಿನವಳು.

"ನೀರು ಅದು."

"ಅಲ್ಲಾ, ಕಣ್ಣಿಂದಾನೇ..."

"ನೀರು ಅಂದೆನಲ್ಲ. ಬಾಯಿಗೆ ಬೀಗ ಅಂತ ಈಗ ತಾನೆ ಹೇಳಿದ್ರು" ಎಂದಳು ಡ್ರೈವಿಂಗ್ ಮೇಡಂ. ಹೆಬ್ಬೆರಳಿನಿಂದ ಆ ನೀರನ್ನು ಒರೆಸಿ ಮತ್ತೆ ಕೂದಲಿಗೆ ಕೈ ಹಾಕಿದಳು.

ಎಲ್ಲ ಮುಗಿದು ಖಾಲಾ ಒಣಬಟ್ಟೆ ತೊಟ್ಟು, ಟವೆಲ್ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಳು. ಡ್ರೈವಿಂಗ್ ಮೇಡಂ ಎದುರಿಗೆ ಕುಕ್ಕರುಗಾಲಲ್ಲಿ ಕೂತು ನೆಲ ಒರೆಸುತ್ತ ಹೇಳಿದಳು, "ಖಾಲಾ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ದಿನ ಬಂದಾಗ ನಾನೇ ಬರ್ತೀನಿ. ಬೇರೆ ಯಾರನ್ನೂ ಮುಟ್ಟೋಕೆ ಬಿಡಲ್ಲ."

"ಥೂ, ಅಂಥ ಮಾತು ಆಡ್ತಾರಾ!" ಎಂದಳು ಲ್ಯಾಬಿನವಳು.

"ಯಾಕೆ? ಲೈಸೆನ್ಸ್ ಇಲ್ದೇ ಎಲ್ಲರೂ ಹೋಗೋ ದಾರಿ ಅದೊಂದೇ."

ಇಷ್ಟು ದಿನ ಕಾದದ್ದು ಈ ಮಾತಿಗೇ. ದೇವರನ್ನು ಕೊಂಡಾಡುವ ಅಲ್ಹಮ್ದುಲಿಲ್ಲಾ ಖಾಲಾಳ ಬಾಯಿಗೆ ಬಂತು. ಬಂದದ್ದು ತುಟಿಯಲ್ಲೇ ನಿಂತಿತು.

ಪರದೆಯಾಚೆಯಿಂದ ಸೆಕ್ರೆಟರಿಯ ದನಿ: "ಮುಗೀತಾ? ಕಾಲಿಲ್ಲದ ಬೊಂಬೆ ತರಿಸಿದ್ದಕ್ಕೆ ಗ್ರೂಪಲ್ಲಿ ಎಲ್ಲಾ ಬೈತಿದಾರೆ ನನ್ನ. ಮುಂದಿನ ಸಲ ಬರೋರಿಗೆ ಕೈಕಾಲು ಇರೋ ಬೊಂಬೇನೇ ತರಿಸ್ತೀನಿ, ಖಾಲಾಗೆ ತೊಂದ್ರೆ ಕೊಡಲ್ಲ. ನೀವಿಬ್ರು ಪಾಸಾದ್ರಾ?"

"ಖಾಲಾ ಹೇಳ್ಬೇಕು" ಎಂದಳು ಡ್ರೈವಿಂಗ್ ಮೇಡಂ.

ಖಾಲಾ ಅವಳ ಕೈಗಳನ್ನೇ ನೋಡಿದಳು. ಒದ್ದೆಯಾಗಿ ಬೆರಳ ತುದಿ ಸುಕ್ಕುಗಟ್ಟಿತ್ತು. ಪಾಸು ಎಂದರೆ ಮುಗಿಯಿತು. ಈ ಕೈ ತನ್ನ ತಲೆಗೆ ಇನ್ನೊಮ್ಮೆ ಬರುವುದು ಖಂಡಿತ. ಬಂದಾಗ ತನಗೆ ಗೊತ್ತಾಗದಿರುವುದೂ ಅಷ್ಟೇ ಖಂಡಿತ.

"ಲ್ಯಾಬಿನವಳು ಪಾಸು" ಎಂದಳು. "ಇವಳದು ಎಲ್ಲಿ? ಕೈ ಇನ್ನೂ ಪಳಗಿಲ್ಲ."

ಈ ಕೆಲಸದ ವಿಷಯದಲ್ಲಿ ಖಾಲಾ ಸುಳ್ಳು ಹೇಳಿದ್ದು ಅದೇ ಮೊದಲು.

ಡ್ರೈವಿಂಗ್ ಮೇಡಂ ಮುಖ ಸಣ್ಣದು ಮಾಡಿದಳು. "ಏನ್ ತಪ್ಪಾಯ್ತು ಖಾಲಾ?"

"ಅದೆಲ್ಲ ಎಲ್ಲರ ಎದುರು ಹೇಳೋದಲ್ಲ. ಮನೆಗೆ ಬಾ, ತೋರಿಸ್ತೀನಿ. ತಲೆ ತೊಳೆಯೋದು ಒಂದೇ ಸಲಕ್ಕೆ ಬರೋಲ್ಲ."

"ಭಾನುವಾರ ಬರ್ಲಾ?"

ಖಾಲಾ ಹತ್ತು ಕಡೆ ಕರೆ ಇರುವವಳಂತೆ ಸ್ವಲ್ಪ ಯೋಚಿಸಿದಳು. "ಭಾನುವಾರ... ಆಗಬಹುದು. ಬೆಳಗ್ಗೇನೇ ಬಾ. ಊಟ ಮಾಡ್ಕೊಂಡು ಹೋಗುವೆಯಂತೆ."

ಮನೆಗೆ ನಡೆದು ಬರುವಾಗ ದುಪಟ್ಟದ ಕೆಳಗೆ ಕೂದಲು ಇನ್ನೂ ಒದ್ದೆಯಾಗಿತ್ತು. ಬೀಗ ತೆಗೆದು ಒಳಗೆ ಬಂದು, ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಕೂತಳು. ಕೂದಲು ಒರೆಸಿಕೊಳ್ಳಲಿಲ್ಲ. ಕುತ್ತಿಗೆ ಹಿಡಿದದ್ದು ಸರಿ. ನೀರಿನ ಹದ ಸರಿ. ಹಣೆಗೆ ಕೈ ಕೊಟ್ಟದ್ದು ಸರಿ. ಸಿಕ್ಕು ಬಿಡಿಸಿದ್ದು ತನಗಿಂತಲೂ ಮೆತ್ತಗೆ. ಮತ್ತೆ ಮೊದಲಿನಿಂದ ನೆನೆದಳು, ಕುತ್ತಿಗೆಯಿಂದ. ಭಾನುವಾರದೊಳಗೆ ಆ ಕೈಯಲ್ಲಿ ಒಂದು ತಪ್ಪನ್ನಾದರೂ ಹುಡುಕಬೇಕಿತ್ತು.